ಕೇಳಿದರೆ ಅಳಿಸಿಹೋಗುವುದು

ಆಫೀಸು, ಕಿಟಕಿ ಪಕ್ಕದ ಮೇಜು
ಮಾರ್ಚ್ ೧೨, ಮಧ್ಯಾಹ್ನ

ಮುದ್ದಿನ ಮಗಳೇ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಆ ಬಾಡಿಗೆ ಕೋಣೆಗೆ ಬಿಸಿಲು ಬರುತ್ತದೆಯೇ? ನಾವಿಲ್ಲಿ ಚೆನ್ನಾಗಿದ್ದೇವೆ. ನಿನ್ನಪ್ಪನಿಗೆ ಮಂಡಿನೋವು, ನೋವಿಗಿಂತ ಅದರ ವರ್ಣನೆಯೇ ಜಾಸ್ತಿ. ನೀನು ಗಂಡನ ಮನೆ ಬಿಟ್ಟು ಆ ಊರು ಸೇರಿದ ಮೇಲೆ ದಿನಾ ಫೋನಿನಲ್ಲಿ ಮಾತಾಡುತ್ತಲೇ ಇದ್ದೇವೆ. ಆದರೂ ಇವತ್ತು ಕಾಗದ ಬರೆಯೋಣ ಅನ್ನಿಸಿತು.

ಆಫೀಸಿನಲ್ಲಿ ಊಟವಾದ ಮೇಲಿನ ಹೊತ್ತು ಒಂಥರಾ ಮಂಪರು. ನಮ್ಮ ಕಂಪನಿ ಹೊಸ ಲಿಫ್ಟುಗಳನ್ನು ಪರೀಕ್ಷಿಸುವ ಪಕ್ಕದ ಗೋಪುರದಲ್ಲಿ ಲಿಫ್ಟೊಂದು ಯಾರನ್ನೂ ಹೊರದೆ ಏರುತ್ತದೆ, ಇಳಿಯುತ್ತದೆ. ಆಗಾಗ ಎರಡು ಮಹಡಿಗಳ ನಡುವೆ ಸುಮ್ಮನೆ ನಿಂತುಬಿಡುತ್ತದೆ. ಯಾಕೆಂದು ಹುಡುಕುವುದು ನನ್ನ ಪಾಲಿಗೆ ಬಂದಿದೆ. ನನ್ನ ಕಂಪ್ಯೂಟರಿನಲ್ಲಿ ತಪ್ಪು ಹುಡುಕುವ ಡೀಬಗರು ಒಂದು ತಂತಿಯ ಮೂಲಕ ಲಿಫ್ಟಿನ ಮಿದುಳಾದ ಪ್ರೊಸೆಸರನ್ನು ಪ್ರಶ್ನೆ ಕೇಳುತ್ತದೆ, ಅದು ತನ್ನ ರಿಜಿಸ್ಟರುಗಳಲ್ಲಿ, ಅಂದರೆ ಪುಟ್ಟ ಪುಟ್ಟ ಗೂಡುಗಳಲ್ಲಿ, ಏನಿದೆಯೋ ಅದನ್ನು ಹೇಳುತ್ತದೆ. ಆದರೆ ಇಬ್ಬರ ನಡುವೆ ಮೊದಲೇ ಗೊತ್ತುಮಾಡಿದ ಮಾತುಗಳಲ್ಲಿ ಮೇಲಿನ ಗೂಡುಗಳಿಗೆ ಮಾತ್ರ ಹೆಸರಿತ್ತು. ಯಾಕೆ ನಿಂತೆ ಎನ್ನುವುದು ಇರುವ ತಳದ ಗೂಡುಗಳನ್ನು ಕೇಳಲು ಮಾತೇ ಇರಲಿಲ್ಲ. ಆ ಮಾತುಗಳನ್ನು ನಾನು ಸೇರಿಸಿದೆ. ತಲೆಯನ್ನು ಕೈಮೇಲಿಟ್ಟು ಅರೆಗಣ್ಣಾಗಿ ಕೂತರೆ, ತಂತಿಯೊಳಗೇ ಇಳಿದು ನೀರಿನಡಿಯ ಮನೆಯೊಂದರ ಬಾಗಿಲು ತಟ್ಟುತ್ತಿದ್ದೇನೆ ಅನ್ನಿಸುತ್ತಿತ್ತು.

ಆದರೆ ಪ್ರತಿಸಲವೂ ಉತ್ತರ ಒಂದೇ, ಸೊನ್ನೆ. ಏನೂ ಆಗಿಲ್ಲವಂತೆ! ಲಿಫ್ಟು ಮಾತ್ರ ತ್ರಿಶಂಕುವಿನ ಹಾಗೆ ನೇತಾಡುತ್ತಿದೆ. ನಮ್ಮ ಪರೀಕ್ಷೆಯವನಂತೂ "ಮೇಡಂ, ಇದು ಬಾಯಿ ಬಿಡೋ ಪೈಕಿ ಅಲ್ಲ" ಅಂತ ಕೈಚೆಲ್ಲಿದ. ಕೊನೆಗೆ ಗೊತ್ತಾಯಿತು, ಎಡವಟ್ಟು ಕೇಳುವವರದೇ. ಪ್ರೊಸೆಸರು ನಿಂತ ಕೂಡಲೇ ಎಲ್ಲ ಗೂಡುಗಳನ್ನೂ ಒಂದೇ ಉಸಿರಿಗೆ ಕೇಳಿಬಿಡುವುದು ಡೀಬಗರಿನ ಹಳೆಯ ಚಾಳಿ. ಕಾರಣ ಇರುವ ಗೂಡೋ, ಒಮ್ಮೆ ಓದಿದರೆ ತಾನಾಗಿಯೇ ಅಳಿಸಿಹೋಗುವಂಥದ್ದು. ನಾನು ನೋಡುವಷ್ಟರಲ್ಲಿ ಡೀಬಗರಿನ ಆತುರದ ವಿಚಾರಣೆಯೇ ಎಲ್ಲವನ್ನೂ ಒರೆಸಿ ಹಾಕಿರುತ್ತಿತ್ತು.

ಹಾಗಾಗಿ ಇನ್ನೊಂದು ಕಟ್ಟಳೆ ಸೇರಿಸಿದೆ. ಯಾವ ಗೂಡನ್ನು ಸುಮ್ಮಸುಮ್ಮನೆ ಕೆದಕಬಾರದು ಎಂದು ಆಚೆಕಡೆಯವರೇ, ಅಂದರೆ ಲಿಫ್ಟೇ, ಮೊದಲು ಹೇಳಬೇಕು. ಅದನ್ನು ಈಚೆಯವರು ಮುಟ್ಟಬಾರದು. ಇವತ್ತು ಲಿಫ್ಟು ನಿಂತಾಗ ಡೀಬಗರು ತೆಪ್ಪಗಿತ್ತು. ಆಮೇಲೆ ನಾನು ಕಾರಣದ ಗೂಡೊಂದನ್ನೇ ಕೇಳಿದೆ, ಉತ್ತರ ಬಂತು. ನಡುದಾರಿಯಲ್ಲಿ ಬಾಗಿಲನ್ನು ಬಿಗಿಹಿಡಿಯಲು ಅದರ ಮೋಟರು ಎದ್ದಾಗ ಕರೆಂಟು ಒಂದು ಕ್ಷಣ ಕುಸಿಯುತ್ತಿತ್ತು, ಪಾಪ. ಪರೀಕ್ಷೆಯವನು ಕುಣಿದಾಡಿದ. ನಾನು ಮಾತ್ರ ಕಾಗದ, ಪೆನ್ನು ತೆಗೆದುಕೊಂಡೆ ಮಗಳೇ. ದಿನಾ ಫೋನಿನಲ್ಲಿ ನಾನು, ಹಿಂದಿನಿಂದ ನಿನ್ನಪ್ಪ: "ಏನಾಯ್ತು? ಅವನೇನಂದ? ಹೊಡೆದ್ನಾ? ಸ್ವಲ್ಪ ಹೊಂದ್ಕೊಂಡು ಹೋಗಬಾರದಾ?" ಅದಕ್ಕೆ ನಿನ್ನದು ಒಂದೇ ಉತ್ತರ: "ಏನೂ ಇಲ್ಲಮ್ಮ, ಎಲ್ಲಾ ಸರಿಯಾಗಿದೆ." ಆ ದನಿ ಕೇಳಿದರೆ ನನಗೆ ಭಯವಾಗುತ್ತದೆ.

ಬಿಸಿಲು ಮೇಜಿನಿಂದ ಜಾರಿ ನೆಲಕ್ಕಿಳಿದಿದೆ, ಕಣ್ಣು ಎಳೆಯುತ್ತಿದೆ. ಹೊತ್ತಿಗೆ ಸರಿಯಾಗಿ ತಿನ್ನು, ನಿದ್ದೆಗೆಡಬೇಡ. ನಿನ್ನ ನೆತ್ತಿ ತಣ್ಣಗಿರಲಿ.

ನಿನ್ನ,
ಅಮ್ಮ

ಮರೆತೆ (ಮನೆಗೆ ಬಂದು ರಾತ್ರಿ ಸೇರಿಸುತ್ತಿದ್ದೇನೆ): ಭಾನುವಾರ ಬೆಳಗಿನ ರೈಲಿಗೆ ನಾನೊಬ್ಬಳೇ ಬರುತ್ತಿದ್ದೇನೆ. ಏನೂ ಕೇಳುವುದಿಲ್ಲ, ಪಕ್ಕದಲ್ಲಿ ಕೂತಿರುತ್ತೇನೆ, ಅಷ್ಟೆ. ನೀನು ಬಾಯಿ ಬಿಟ್ಟರೂ ಸರಿ, ಬಿಡದಿದ್ದರೂ ಸರಿ, ಆ ಮನೆಗೆ ವಾಪಸ್ ಹೋಗು ಅಂತ ಇನ್ನು ಯಾರೂ ಹೇಳುವುದಿಲ್ಲ. ನಿನ್ನಪ್ಪನೂ ಒಪ್ಪಿದ್ದಾರೆ. ಒಪ್ಪಿ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರು.