ಬೀರುವಿನ ಹಿಂದಿನ ಗೋಡೆ

ತರೀಕೆರೆ
ಬುಧವಾರ, 6 ಆಗಸ್ಟ್ 2025

ಮಗಳೇ ದೀಪಶ್ರೀ,

ನಿನ್ನ ಸೊಂಟನೋವು ಹೇಗಿದೆ? ಕೂಸು ರಾತ್ರಿ ನಿದ್ದೆ ಮಾಡುತ್ತಿದೆಯೋ, ನಿಮ್ಮಮ್ಮನನ್ನೂ ಎಬ್ಬಿಸಿ ಕೂರಿಸುತ್ತಿದೆಯೋ? ಬಾಣಂತನ ಮಾಡಿ ಅವರು ಸೊರಗಿರುತ್ತಾರೆ, ಪಾಪ. ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಆದರೆ ನಿನ್ನೆ ನಿನ್ನ ಕೋಣೆಯಲ್ಲಿ ಕಂಡದ್ದನ್ನು ನಿನಗೆ ಹೇಳಲೇಬೇಕು. ಫೋನಿನಲ್ಲಿ ಹೇಳೋಣವೆಂದರೆ, ನಿನ್ನ ದನಿ ಕೇಳಿದ ಕೂಡಲೇ ನಿಮ್ಮ ಮಾವ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾರೆ. ಅದಕ್ಕೇ ಇಲ್ಲಿಂದ ನಿಮ್ಮೂರು ಯಗಟಿಯ ಶಾಲೆಗೆ ಬರುವ ಸೌಮ್ಯ ಟೀಚರ್ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ.

ಹೋದ ತಿಂಗಳು ನಾವೆಲ್ಲ ತೀರಿಕೊಂಡ ನೆಂಟರೊಬ್ಬರ ಶಿವಗಣಾರಾಧನೆಗೆಂದು ಅಜ್ಜಂಪುರಕ್ಕೆ ಹೋಗಿದ್ದಾಗ ತಾರಸಿಯ ಟ್ಯಾಂಕಿನ ಪೈಪು ಒಡೆದು ನಿನ್ನ ಕೋಣೆಯ ಗೋಡೆಗೆಲ್ಲ ನೀರು ಇಳಿದದ್ದು ನಿನಗೆ ಗೊತ್ತು. ಪೈಪು ಸರಿಮಾಡಿಸಿ, ನೆಲ ಒರೆಸಿ, ಮರದ ಬೀರುವನ್ನು ಮತ್ತೆ ಗೋಡೆಗೆ ಒತ್ತಿದೆವು. ಬಾಣಂತಿ, ಕೂಸು ಬರುವ ಕೋಣೆ, ಗಾಳಿ ಸೋಕಬಾರದು ಎಂದು ಕಿಟಕಿ ಮುಚ್ಚಿ ಸಂದಿಗೆಲ್ಲ ಬಟ್ಟೆ ತುರುಕಿದವರೂ ನಾವೇ. ತೇವ ಹೋಗಲಿ ಎಂದು ದಿನಾ ಸಾಂಬ್ರಾಣಿ ಹೊಗೆ ಬೇರೆ. ಗೋಡೆ ತಣ್ಣಗಿದೆ ಎಂದರೆ ನಿಮ್ಮ ಮಾವ, "ಮಳೆಗಾಲ ಕಣೇ, ತಣ್ಣಗಿರ್ದೆ ಬೆಚ್ಚಗಿರ್ತದಾ" ಎಂದರು.

ನಿನ್ನೆ ತೊಟ್ಟಿಲಿಗೆ ಜಾಗ ಮಾಡಲು ಬೀರು ಎಳೆದೆವು. ದೀಪಾ, ಹೇಗೆ ಹೇಳಲಿ, ಅದರ ಹಿಂದೆ ಗೋಡೆಯೇ ಕಾಣಲಿಲ್ಲ. ನೆಲದಿಂದ ನನ್ನ ಎದೆಮಟ್ಟದವರೆಗೆ ಕಪ್ಪು, ಹಸಿರು ಬೂಷ್ಟು, ಕೂದಲು ಬಂದ ಹಾಗೆ. ಬೀರುವಿನ ಬೆನ್ನಿಗೆ ಕೈಯಿಟ್ಟರೆ ಬೆರಳು ಒಳಗೇ ಹೋಯಿತು. ಮಡಚಿಟ್ಟಿದ್ದ ಕೂಸಿನ ಬಟ್ಟೆಗಳ ಮೇಲೂ ಕಪ್ಪು ಚುಕ್ಕೆ. ಸೀನಿ ಸೀನಿ ಉಸಿರು ಕಟ್ಟಿತು. ನನಗೇ ಹೀಗಾದರೆ ಮೂರು ತಿಂಗಳ ಕೂಸಿನ ಗತಿ ಏನು?

ಅದಕ್ಕಿಂತ ದಂಗಾದದ್ದು ನಿಮ್ಮ ಮಾವನ ಮಾತಿಗೆ. ಹಸಿ ಕೊಬ್ಬರಿಯನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ ಎಂದು ತಮ್ಮ ಕೊಬ್ಬರಿ ಮಂಡಿಗೆ ಮಾರಲು ಬಂದವರಿಗೆಲ್ಲ ಬುದ್ಧಿ ಹೇಳುವ ಮನುಷ್ಯ, "ಒರೆಸ್ಬುಟ್ಟು ಎರಡು ಕೋಟು ಬಣ್ಣ ಹೊಡ್ಸಿದ್ರೆ ಆಯ್ತು. ಬಾಣಂತಿ, ಕೂಸನ್ನ ಕರ್ಕೊಂಡು ಬರಾಕೆ ಮಠದಲ್ಲಿ ಕೇಳಿ ಸೋಮವಾರ ಇಟ್ಕೊಂಡೀನಿ, ಬದಲಾಯ್ಸಕ್ಕಾಗಲ್ಲ" ಎಂದುಬಿಟ್ಟರು. ನಿನ್ನ ಗಂಡನೋ, ಅಪ್ಪನೆದುರು ಬಾಯಿ ಬಿಟ್ಟರೆ ತಾನೇ. ಇವತ್ತು ಬಣ್ಣವೂ ಆಯಿತು. ನೋಡಲು ತಿಳಿಗುಲಾಬಿ, ಮುಟ್ಟಿದರೆ ಹಾಗೇ ತಣ್ಣಗೆ. ನಾನು ಕಿಟಕಿ ತೆರೆಯುತ್ತೇನೆ, ಅವರು ಮುಚ್ಚುತ್ತಾರೆ. ಆ ಗಾರೆ ಕೆಡವಿ, ಬೀರು ಹೊರಗೆ ಹಾಕಿ, ಒಳಗಿನ ಇಟ್ಟಿಗೆ ಒಣಗುವವರೆಗೆ ಗಾಳಿಯಾಡಿಸದೆ ಆ ಬೂಷ್ಟು ಹೋಗುವುದಿಲ್ಲ.

ನಿಮ್ಮಮ್ಮನಿಗೆ ನನ್ನ ಶರಣು ತಿಳಿಸು. ಬಿಸಿನೀರೇ ಕುಡಿ. ಕೂಸಿನ ನೆತ್ತಿಗೆ ನನ್ನದೊಂದು ಮುತ್ತು.

ನಿನ್ನ ಅತ್ತೆ,
ದಾಕ್ಷಾಯಣಮ್ಮ

ಇನ್ನೊಂದು ಮಾತು: ಟೀಚರ್ ಬಾಗಿಲಲ್ಲಿ ನಿಂತಿದ್ದಾರೆ. ಸೋಮವಾರ ಕಾರು ಬರುತ್ತದೆ, ಹತ್ತಬೇಡ. "ನಮ್ಮಮ್ಮ ಈಗಲೇ ಕಳಿಸುವುದಿಲ್ಲ" ಎಂದು ಹಟ ಹಿಡಿ. ನೀನು ಬರುವಷ್ಟರಲ್ಲಿ ಗಾರೆ ಕೆಡವಿಸುವುದು ನನಗೆ ಬಿಡು. ಕಾರಿನಲ್ಲಿ ನಾನೂ ಬಂದಿರುತ್ತೇನೆ, ನಾನೇ ಹೇಳಿಕೊಟ್ಟದ್ದೆಂದು ನಿಮ್ಮ ಮಾವನಿಗೆ ಅನುಮಾನ ಬರದ ಹಾಗೆ ಎಲ್ಲರೆದುರಿಗೆ ನಿನ್ನನ್ನು ನಾಲ್ಕು ಮಾತು ಬೈಯುತ್ತೇನೆ. ಮನಸ್ಸಿಗೆ ಹಚ್ಚಿಕೊಳ್ಳದೆ ಕೂಸನ್ನು ಎತ್ತಿಕೊಂಡು ಒಳಗೆ ಹೋಗಿಬಿಡು.