ಐದನೇ ಪ್ರಶ್ನೆ ಇನ್ನೂ ಖಾಲಿ ಇದೆ

ಪ್ರೀತಿಯ ಗ್ಯಾರೆಟ್,

ಹನ್ನೊಂದು ವರ್ಷದಿಂದ ಒಂದೇ ಚೀಸ್ ಕಾರ್ಖಾನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ದುಡಿದಿದ್ದೇವೆ, ನಿನಗೊಂದು ಕಾಗದ ಬರೆದವಳಲ್ಲ ನಾನು. ಬರೆದದ್ದೆಲ್ಲ "ಮೂರನೇ ತೊಟ್ಟಿ ತೊಳೆಸು" ಎನ್ನುವಂಥ ಚೀಟಿಗಳು. ಇದನ್ನೂ ನಾಳೆ ಬೆಳಿಗ್ಗೆ ಆ ಚೀಟಿಗಳ ಹಾಗೆಯೇ ನಿನ್ನ ಲಾಕರಿನ ಸಂದಿಯಲ್ಲಿ ತೂರಿಸುತ್ತೇನೆ. ಬುಧವಾರ ಸಂಜೆ ಐದಕ್ಕೆ ನಿನ್ನ ಅರ್ಜಿಯ ಗಡುವು. ಅಷ್ಟರೊಳಗೆ ಓದಿಬಿಡು.

ಚರ್ಚಿನಿಂದ ಬಂದವಳೇ ಕಾಫಿಗಿಟ್ಟು ನಿನ್ನ ನ್ಯೂಯಾರ್ಕಿನ ಬಿಸಿನೆಸ್ ಸ್ಕೂಲಿನವರು ಕಳಿಸಿದ ಶಿಫಾರಸಿನ ಫಾರಂ ತೆರೆದು ಕೂತೆ. ಮೊದಲ ನಾಲ್ಕು ಪ್ರಶ್ನೆಗಳಿಗೆ ನಿನ್ನನ್ನು ಹೊಗಳಿದ್ದೇ ಹೊಗಳಿದ್ದು. ನಿನ್ನ ಹೆತ್ತಮ್ಮನೂ ಅಷ್ಟು ಹೊಗಳಿರಲಿಕ್ಕಿಲ್ಲ. ಐದನೆಯದರಲ್ಲಿ ಸಿಕ್ಕಿಕೊಂಡೆ. "ಅಭ್ಯರ್ಥಿಗೆ ನೀವು ಹೇಳಿದ ಒಂದು ಕಹಿ ಮಾತು ಯಾವುದು? ಅದನ್ನು ಅವರು ಹೇಗೆ ತೆಗೆದುಕೊಂಡರು?" ಬೈದಿದ್ದೇನೆ ನಿನ್ನನ್ನು, ಬೇಕಾದಷ್ಟು. ಆದರೆ ಬೈಗುಳ ಬೇರೆ. ನಿನ್ನ ಎದುರು ನಿಂತು, ಇದು ನಿನ್ನ ತಪ್ಪು ಕಣೋ ಎಂದು ಒಂದು ಸಲವೂ ಹೇಳಿಲ್ಲ. ಹೇಳಬೇಕಾದ ದಿನ ಬಾಯಿ ಮುಚ್ಚಿಕೊಂಡೆ.

ನೀನು ಸೇರಿದ ಎರಡನೇ ವರ್ಷದ್ದು ನೆನಪಿದೆಯಾ? ತೊಟ್ಟಿಯಲ್ಲಿ ಹಾಲು ಸರಿಯಾಗಿ ಹೆಪ್ಪುಗಟ್ಟಿರಲಿಲ್ಲ. ಇನ್ನೊಂದು ಹತ್ತು ನಿಮಿಷ ಕಾಯಬೇಕಿತ್ತು, ಅಷ್ಟೆ. ನಿನ್ನಿಂದಾಗಲಿಲ್ಲ. ಗಡ್ಡೆ ಕತ್ತರಿಸುವ ತಂತಿ ಇಳಿಸಿ ಕೊಯ್ದೇಬಿಟ್ಟೆ. ಅರ್ಧ ಚೀಸು ನೀರಾಗಿ ಚರಂಡಿ ಸೇರಿತು. ಧಣಿ ಬಂದು ಕೇಳಿದಾಗ ನಾನು ಥರ್ಮಾಮೀಟರ್ ಕೆಟ್ಟಿತ್ತು ಎಂದೆ. ನಿನಗೂ ಹಾಗೇ ಎಂದೆ. ನಿನ್ನ ಮುಖ ನೋಡಿದರೆ ಅತ್ತುಬಿಡುವ ಹಾಗಿದ್ದೆ. ಥರ್ಮಾಮೀಟರ್ ಚೆನ್ನಾಗೇ ಇತ್ತು, ಗ್ಯಾರೆಟ್. ಈಗಲೂ ಅದನ್ನೇ ಬಳಸುತ್ತಿದ್ದೇವೆ.

ಹೋದ ತಿಂಗಳು ಒಂದು ಶುಕ್ರವಾರ ಎಲ್ಲರೂ ಮೀನು ತಿನ್ನಲು ಹೋಗಿದ್ದೆವಲ್ಲ, ಅಲ್ಲಿ ನೀನು ಹೇಳಿದ ಮಾತು ಕಿವಿಯಲ್ಲೇ ಕೂತಿದೆ. "ನೋಡಿ ಅರ್ಲೀನ್, ಈಗ್ಲೇ ಅರ್ಜಿ ಹಾಕಿದ್ರೆ ಸೀಟು ಸಿಗೋ ಛಾನ್ಸು ಜಾಸ್ತಿ. ಸಿಕ್ಕಿದ್ರೆ ಬೇರೆ ಎಲ್ಲಾ ಅರ್ಜಿ ವಾಪಸ್ ತಗೊಂಡು ಅಲ್ಲಿಗೇ ಸೇರ್ತೀನಿ ಅಂತ ಸೈನ್ ಹಾಕ್ಬೇಕು. ಹಾಕಿದ್ರೆ ಮುಗೀತು, ತಲೆನೋವು ಕಳೀತು."

"ಮದುವೇನೂ ಹಿಂಗೇ ತಲೆನೋವು ಕಳೀಲಿ ಅಂತ ಮಾಡ್ಕೊಂಡೆ, ಅಲ್ವೇನೋ?" ಅಂದೆ. ಬಾಯ್ತುಂಬ ಮೀನಿಟ್ಟುಕೊಂಡು ನಕ್ಕೆ ನೀನು. ನಾನೂ ನಕ್ಕೆ. ತಮಾಷೆ ಮಾಡಿ ತಪ್ಪಿಸಿಕೊಳ್ಳುವುದು ನನಗೆ ಚೆನ್ನಾಗಿ ಬರುತ್ತದೆ.

ಆಮೇಲೆ ಕೇಳಿದೆ, "ಟೆಸ್ಸಾಗೆ ಹೇಳಿದ್ಯಾ?" ಎಂದು. "ಸೀಟು ಸಿಗ್ಲಿ, ಆಮೇಲೆ ಕೂರಿಸ್ಕೊಂಡು ಕೇಳ್ತೀನಿ" ಎಂದೆ ನೀನು. ಏಳು ವರ್ಷದ ಮಗಳು. ವಾರವಿಡೀ ಅಮ್ಮನ ಮನೆಯಲ್ಲಿದ್ದು, ನೀನು ಬಂದು ಕರೆದೊಯ್ಯುವ ಶುಕ್ರವಾರಕ್ಕಾಗಿ ಬೆರಳು ಮಡಿಸುವವಳು. ಸಹಿ ಹಾಕಿ, ಸೀಟೂ ಸಿಕ್ಕ ಮೇಲೆ ಅವಳನ್ನು ಕೇಳುವುದಕ್ಕೆ ಏನಿರುತ್ತದೆ? ಹೇಳುವುದಷ್ಟೇ ಉಳಿಯುತ್ತದೆ. ನಿನ್ನೆ ಶನಿವಾರ ಕಾರ್ಖಾನೆಗೆ ಕರೆತಂದಿದ್ದೆಯಲ್ಲ, ಆಗಷ್ಟೇ ಇಳಿಸಿದ ಚೀಸಿನ ತುಂಡು ಕಚ್ಚುತ್ತ ನನ್ನ ಹತ್ತಿರ ಬಂದಳು. ತಾಜಾ ಚೀಸಲ್ಲವೇ, ಹಲ್ಲಿಗೆ ಕೀಚ್ ಕೀಚ್ ಎನ್ನುತ್ತಿತ್ತು.

"ಅರ್ಲೀನಜ್ಜಿ, ನ್ಯೂಯಾರ್ಕಲ್ಲೂ ಚೀಸು ಕೀಚ್ ಅನ್ನುತ್ತಾ?"

"ಇಲ್ಲ ಕಣೇ, ಅಷ್ಟು ದೂರ ಹೋಗೋದ್ರಲ್ಲಿ ಅದು ಸುಮ್ಮನಾಗಿಬಿಡುತ್ತೆ" ಎಂದೆ. ಅವಳು ಇನ್ನೊಂದು ತುಂಡು ತೆಗೆದು ಜೇಬಿಗೆ ಹಾಕಿಕೊಂಡಳು. ಅವಳಿಗೆ ಗೊತ್ತಾಗಿದೆ ಗ್ಯಾರೆಟ್. ಮಕ್ಕಳಿಗೆ ಹೇಗೆ ಗೊತ್ತಾಗುತ್ತದೋ ದೇವರೇ ಬಲ್ಲ.

ಇನ್ನು ನನ್ನ ತಪ್ಪಿನ ಮಾತು. ಮಂಗಳವಾರ ನೀನು "ಒಂದ್ಸಲ ಕಣ್ಣಾಡಿಸಿ" ಎಂದು ನಿನ್ನ ಪ್ರಬಂಧ ಕೊಟ್ಟೆಯಲ್ಲ. ಬೇಸಿಗೆಯಲ್ಲಿ ಇಲ್ಲೇ ಹತ್ತಿರದ ಮ್ಯಾಡಿಸನ್ನಿನ ಬಿಸಿನೆಸ್ ಸ್ಕೂಲಿಗೆಂದು ಬರೆದದ್ದನ್ನೇ ತಿದ್ದಿದ್ದೀಯ. ಮೂರು ಕಡೆ ಹೆಸರು ಬದಲಾಯಿಸಿದ್ದೀಯ, ನಾಲ್ಕನೇ ಕಡೆ ಮರೆತಿದ್ದೀಯ. ಕೊನೆಯ ಸಾಲು ಹೀಗಿದೆ: "ಬೇರೆ ಯಾವ ಶಾಲೆಯೂ ನನ್ನ ಮನಸ್ಸಿನಲ್ಲಿಲ್ಲ. ಕರೆದರೆ ಮ್ಯಾಡಿಸನ್ನಿಗೇ ಬರುತ್ತೇನೆ." ನ್ಯೂಯಾರ್ಕಿನವರಿಗೆ! ಮೊದಲು ಹೊಟ್ಟೆ ಹಿಡಿದು ನಕ್ಕೆ. ನಗು ಮುಗಿದ ಮೇಲೆ ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಗುರುವಾರ ಕೇಳಿದೆ ನೀನು. "ಚೆನ್ನಾಗಿದೆ" ಎಂದೆ ನಾನು.

ಯಾಕೆ ಹಾಗೆಂದೆ? ಅದನ್ನು ಹಾಗೇ ಕಳಿಸಿದರೆ ಅವರು ನಿನ್ನನ್ನು ಕರೆಯುವುದಿಲ್ಲ, ನೀನು ಇಲ್ಲೇ ಉಳಿಯುತ್ತೀಯ ಎಂದು. ವಸಂತಕ್ಕೆ ನಾನು ಕೆಲಸ ಬಿಡುತ್ತೇನೆ. ನನ್ನ ಕುರ್ಚಿಗೆ ನಿನ್ನ ಹೆಸರನ್ನು ಧಣಿಯ ಕಿವಿಗೆ ಹಾಕಿಯೂ ಆಗಿದೆ, ನಿನ್ನನ್ನು ಒಂದು ಮಾತು ಕೇಳದೆ. ಟೆಸ್ಸಾಳ ವಿಷಯದಲ್ಲಿ ನಿನಗೆ ಬುದ್ಧಿ ಹೇಳುವ ನಾನು ನಿನಗೆ ಮಾಡಿದ್ದೂ ಅದನ್ನೇ. ನಾಲ್ಕು ದಿನ ಸರಿಯಾಗಿ ಊಟ ಸೇರಿಲ್ಲ. ನನಗೆ ನಾಚಿಕೆಯಾಗುತ್ತಿದೆ, ಕ್ಷಮಿಸು. ಆ ಸಾಲಿಗೆ ಕೆಂಪು ಗೆರೆ ಎಳೆದು ಪುಟವನ್ನು ಇದರೊಂದಿಗೆ ಇಟ್ಟಿದ್ದೇನೆ. ಅದು ನಿನ್ನ ಅಂತರಾತ್ಮದ ಕೂಗು ಅಂತೆಲ್ಲ ನಾನು ಹೇಳುವುದಿಲ್ಲ. ಬರೀ ಕಣ್ತಪ್ಪೂ ಇರಬಹುದು. ತಿದ್ದುವಾಗ ಯಾವ ಹೆಸರು ಬರೆಯಲು ಕೈ ಹಿಂಜರಿಯುತ್ತದೆ, ನೀನೇ ನೋಡಿಕೋ.

ಈಗ ಕಹಿ ಮಾತು. ನಿನಗೆ ಕಾಯುವುದಕ್ಕೆ ಬರುವುದಿಲ್ಲ, ಗ್ಯಾರೆಟ್. ನ್ಯೂಯಾರ್ಕ್ ಬೇಕೆಂದು ನೀನು ಸಹಿ ಹಾಕಲು ಹೊರಟಿಲ್ಲ, ತಳಮಳ ಮುಗಿದರೆ ಸಾಕೆಂದು ಹೊರಟಿದ್ದೀಯ. ನಿಜವಾಗಿ ಬೇಕಿದ್ದರೆ ಹೋಗು, ವಿಮಾನ ನಿಲ್ದಾಣಕ್ಕೆ ನಾನೇ ನನ್ನ ಟ್ರಕ್ಕಿನಲ್ಲಿ ಬಿಟ್ಟು ಬರುತ್ತೇನೆ. ಆದರೆ ಬುಧವಾರಕ್ಕೆ ಮೊದಲು ಮಗಳನ್ನು ಕೇಳು. ಸಹಿ ಹಾಕುವ ಮೊದಲು ಕೇಳು. ಸಹಿಯಿಲ್ಲದ ಜನವರಿಯ ಸುತ್ತಿನವರೆಗೆ ಕಾದರೆ ಮ್ಯಾಡಿಸನ್ನಿನ ಬಾಗಿಲೂ ತೆರೆದಿರುತ್ತದೆ, ಅವಳ ಮನೆಯಿಂದ ಒಂದು ಗಂಟೆ ದಾರಿ. ನಾನು ಸ್ವಾರ್ಥಿ ಮುದುಕಿ, ನನ್ನ ಮಾತಿನಲ್ಲಿ ಅರ್ಧ ಕಳೆದೇ ತಗೋ.

ಐದನೇ ಪ್ರಶ್ನೆಯ ಮೊದಲ ಭಾಗಕ್ಕೆ ಈಗ ಉತ್ತರ ಬರೆದಿದ್ದೇನೆ, ಥರ್ಮಾಮೀಟರಿನ ಸುಳ್ಳನ್ನು ಬಿಟ್ಟು. "ಅದನ್ನು ಅವರು ಹೇಗೆ ತೆಗೆದುಕೊಂಡರು" ಎನ್ನುವ ಭಾಗ ಖಾಲಿ ಇದೆ. ಅದನ್ನು ನಾನು ಊಹಿಸಿ ಬರೆಯಲಾರೆ. ಟೆಸ್ಸಾಳನ್ನು ಕೇಳಿ ಬಂದು ನನಗೆ ಹೇಳು. ಆಮೇಲೆ ಕಳಿಸುತ್ತೇನೆ, ನೀನು ಹೇಳಿದ ಶಾಲೆಗೆ.

ಎಲ್ಲಿದ್ದರೂ ನಿನ್ನ ಶುಕ್ರವಾರಗಳು ತಣ್ಣಗಿರಲಿ, ಮಗನೇ.

ನಿನ್ನ,
ಅರ್ಲೀನ್