ಸೀಟಿ ಊದದ ಮೇಷ್ಟ್ರು

ತಂಗೀ, ಸುಖವಾಗಿ ಬಂದು ಸೇರಿದೆ. ಈ ಶಾಲೆಯಲ್ಲಿ ವಿಜ್ಞಾನದ ಪಾಠವೆಲ್ಲ ಬಯಲಿನಲ್ಲೇ, ಔಟ್‌ಡೋರ್ ಮೆಥಡ್ ಅಂತೆ. ಇವತ್ತು ಇಪ್ಪತ್ತು ಮಕ್ಕಳನ್ನು ಹೊಳೆದಂಡೆಗೆ ಕರೆದೊಯ್ದೆ. ಒಬ್ಬೊಬ್ಬರಿಗೂ ನೆಲದಲ್ಲಿ ದಾರ ಕಟ್ಟಿ ಗುರುತಿಸಿದ ಒಂದು ಮೊಳ ಜಾಗ ಕೊಟ್ಟು, "ಸೀಟಿ ಊದೋವರೆಗೂ ಯಾರೂ ಏಳಬಾರದು, ನಿಮ್ಮ ಜಾಗದಲ್ಲಿ ಏನಾಗುತ್ತೋ ಬರೀ ನೋಡಿ" ಎಂದೆ. ಮಧ್ಯಾಹ್ನ ಅಣೆಕಟ್ಟಿನಿಂದ ನೀರು ಬಿಡುತ್ತಾರೆಯೇ ಎಂದು ನಾನು ವಿಚಾರಿಸಿರಲೇ ಇಲ್ಲ. ಹೊಳೆ ಏರುವುದು ಕಂಡು ಸೀಟಿ ಮರೆತು ಚಪ್ಪಾಳೆ ತಟ್ಟಿ ಕೂಗಿಕೊಂಡೆ. ಮೇಲೆ ಓಡಿ ಬಂದವರನ್ನು ಎಣಿಸಿದರೆ ಹತ್ತೊಂಬತ್ತೇ ತಲೆ.

ಪೊದೆಯ ಆಚೆ ಒಬ್ಬಳು ಕುಕ್ಕರಗಾಲಿನಲ್ಲಿ ಕೂತೇ ಇದ್ದಳು, ಸೊಂಟದವರೆಗೆ ನೀರು. ರಟ್ಟೆ ಹಿಡಿದು ಎಳೆದೆ.

"ಕೂಗಿದ್ದು ಕೇಳಿಸಲಿಲ್ವೇನಮ್ಮ?"

"ಕೇಳಿಸ್ತು ಸಾರ್. ನೀವು ಸೀಟಿ ಊದ್ಲಿಲ್ವಲ್ಲ. ಏರೋಪ್ಲೇನ್ ಚಿಟ್ಟೆ ಪೊರೆಯಿಂದ ಅರ್ಧ ಹೊರಗೆ ಬಂದಿತ್ತು, ಅಷ್ಟ್ರಲ್ಲಿ ಎಳೆದುಬಿಟ್ರಿ."

ಹುಳ ಹಾಗೆ ರೂಪ ಬದಲಿಸುವುದಕ್ಕೆ ಮೆಟಮಾರ್ಫೋಸಿಸ್ ಅನ್ನಬೇಕೋ ಮೆಟಮಾರ್ಫಿಸಂ ಅನ್ನಬೇಕೋ, ಆ ಗಳಿಗೆಯಲ್ಲಿ ಅದೂ ಗೊಂದಲವಾಯಿತು. ನಿನ್ನ ಅತ್ತಿಗೆ ಬದುಕಿದ್ದರೆ ಇವತ್ತು ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ.

"ಏನೂ ಆಗ್ಲಿಲ್ವಲ್ಲ, ಅವಳ ಮನೆಯವ್ರಿಗೆ ಹೇಳದೆ ಸುಮ್ನಿರಿ ಮೇಷ್ಟ್ರೇ" ಎನ್ನುತ್ತಾರೆ ಹೆಡ್ ಮೇಡಂ. ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ, ನಿದ್ದೆ ಉಳಿಯುವುದಿಲ್ಲ. ಬಿ.ಪಿ. ಮಾತ್ರೆ ತಪ್ಪಿಸಿಲ್ಲ, ಗಾಬರಿಯಾಗಬೇಡ. ಹುಡುಗಿಯ ಅಪ್ಪ ಆರು ಗಂಟೆಗೆ ಕರೆದೊಯ್ಯಲು ಬರುತ್ತಾನೆ. ಹೊರಗಿನ ಕೋಣೆಯಲ್ಲಿ ನನಗೊಂದು ಹಾಸಿಗೆ ಹಾಕಿಡು, ಬಹುಶಃ ಶನಿವಾರವೇ ಬಂದುಬಿಡುತ್ತೇನೆ. ಗೇಟಿನಲ್ಲಿ ಸ್ಕೂಟರ್ ನಿಂತ ಸದ್ದು. ಹೋಗಿ ಹೇಳುತ್ತೇನೆ.

ನಿನ್ನ ಅಣ್ಣ